ಹೊಳೆಗಳನ್ನು ಅಡ್ಡ ದಾಟಿದವರು

ಅಸ್ಕೋಟ್ ಎಂಬುದು ಕುಮಾಂವ್ ಬೆಟ್ಟಗಳ ಪೂರ್ವದ ಅಂಚಿನಲ್ಲಿರುವ ಊರು. ಕೆಳಗಿನ ಕಣಿವೆಯಲ್ಲಿ ಕಾಳಿ ನದಿ. ನದಿಯ ಆಚೆ ದಡ ನೇಪಾಳ. ಆರಾಕೋಟ್ ಗಢವಾಲದ ಪಶ್ಚಿಮದ ಅಂಚಿನಲ್ಲಿದೆ. ಅಲ್ಲಿಂದ ಮುಂದೆ ಹೋದರೆ ಹಿಮಾಚಲ ಪ್ರದೇಶ. 1974ರ ಮೇ 25ರಂದು ನಾಲ್ವರು ಯುವಕರು ಮೊದಲನೆಯ ಊರಿನಿಂದ ಎರಡನೆಯದಕ್ಕೆ ನಡೆದು ಹೋಗಲು ಹೊರಟರು. ಶೇಖರ್ ಪಾಠಕ್ ಮತ್ತು ಶಂಶೇರ್ ಸಿಂಗ್ ಬಿಷ್ಟ್ ಕುಮಾಂವ್ ಕಡೆಯವರು. ಕುಂವರ್ ಪ್ರಸೂನ್ ಮತ್ತು ಪ್ರತಾಪ್ ಶಿಖರ್ ಟೆಹ್ರಿ ಗಢವಾಲದವರು. ದಾರಿಯ ನಡುವೆ ಬೇರೆ ಗೆಳೆಯರು ಬಂದು ಸೇರಿದ್ದೂ ಉಂಟು, ಬಿಟ್ಟು ಹೋದದ್ದೂ ಉಂಟು. ಆದರೆ ಈ ನಡಿಗೆಯ ಮಾತು ಬಂದಾಗಲೆಲ್ಲ ನೆನಪಾಗುವುದು ಈ ನಾಲ್ಕು ಹೆಸರುಗಳೇ.

ಅವರು ತಮಗೆ ತಾವೇ ಹಾಕಿಕೊಂಡ ನಿಯಮ ಒಂದಿತ್ತು: ಜೇಬಿನಲ್ಲಿ ದುಡ್ಡು ಇಟ್ಟುಕೊಳ್ಳಬಾರದು. ಹಳ್ಳಿಯವರು ಕೊಟ್ಟದ್ದನ್ನು ಉಣ್ಣಬೇಕು, ಅವರು ತೋರಿಸಿದಲ್ಲಿ ಮಲಗಬೇಕು.

ಕೇಳಲು ಇದು ಗಾಂಧಿವಾದಿಗಳ ಸರಳತೆಯ ವ್ರತದಂತೆ ಕಾಣುತ್ತದೆ. ಅದೂ ಹೌದು. ಆದರೆ ಊರೂರು ಸುತ್ತಿ ವಿಷಯ ಸಂಗ್ರಹಿಸುವವರಿಗೆ ಈ ನಿಯಮದಿಂದ ಆಗುವ ಪರಿಣಾಮವೇ ಬೇರೆ. ದುಡ್ಡಿರುವವನು ಡಾಬಾದಲ್ಲಿ ಉಣ್ಣಬಹುದು, ಪ್ರವಾಸಿ ಬಂಗಲೆಯಲ್ಲಿ ಮಲಗಬಹುದು, ಬೇಕಾದವರನ್ನು ಕರೆಸಿ ಬೇಕಾದ ಪ್ರಶ್ನೆ ಕೇಳಿ ಎದ್ದು ಹೋಗಬಹುದು. ದುಡ್ಡಿಲ್ಲದವನು ಕತ್ತಲಾಗುವುದರೊಳಗೆ ಯಾರದ್ದಾದರೂ ಬಾಗಿಲು ತಟ್ಟಲೇಬೇಕು. ಒಲೆಯ ಮುಂದೆ ಕೂತ ಮೇಲೆ ಪ್ರಶ್ನೆ ಕೇಳುವ ಸರದಿ ಮನೆಯವರದ್ದು: ಯಾರ ಮಕ್ಕಳು, ಎಲ್ಲಿಂದ ಬಂದಿರಿ, ಯಾಕೆ ನಡೆಯುತ್ತಿದ್ದೀರಿ, ಇದರಿಂದ ನಮಗೇನಾಗುತ್ತದೆ. ಅದಕ್ಕೆ ಉತ್ತರ ಹೇಳಿದ ಮೇಲೆ ತಾನೇ ಇವರ ಪ್ರಶ್ನೆಗೆ ಉತ್ತರ.

ಆ ನಡಿಗೆ ಅಂದಿಗೆ ಮುಗಿಯಲಿಲ್ಲ. 1984, 1994, 2004, 2014, 2024 ಹೀಗೆ ಹತ್ತು ವರ್ಷಕ್ಕೊಮ್ಮೆ, ಅದೇ ಮೇ 25ರಂದು ಮತ್ತೆ ಮತ್ತೆ ಹೊರಟಿತು. ಆರೂ ಸಲ ನಡೆದವರು ಶೇಖರ್ ಪಾಠಕ್. ಮೊದಲ ಸಲ ನಡೆದಾಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ಆರನೆಯ ಸಲಕ್ಕೆ ಎಪ್ಪತ್ತು ದಾಟಿತ್ತು. ಭಾರತದಲ್ಲಿ ಒಂದು ಪರ್ವತ ಪ್ರದೇಶದ ಹಳ್ಳಿ, ಕಾಡು, ಹೊಳೆಗಳನ್ನು ಐವತ್ತು ವರ್ಷಗಳ ಕಾಲ ಹೀಗೆ ಕಾಲ್ನಡಿಗೆಯಲ್ಲಿ ಮರಳಿ ಮರಳಿ ನೋಡಿದ ಇನ್ನೊಂದು ಉದಾಹರಣೆ ಸುಲಭಕ್ಕೆ ಸಿಗುವುದಿಲ್ಲ.

*

1974ರಲ್ಲೇ ಯಾಕೆ ಹೊರಟರು ಎಂಬುದಕ್ಕೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

1970ರ ಜುಲೈ 20ರಂದು ಅಲಕನಂದಾ ಕಣಿವೆಯಲ್ಲಿ ಭಾರಿ ಮಳೆ ಸುರಿದು ಪ್ರವಾಹ ಬಂತು. ಬದರಿನಾಥದ ದಾರಿಯಲ್ಲಿದ್ದ ಬೇಲಾಕುಚಿ ಎಂಬ ಊರು ನೀರುಪಾಲಾಯಿತು; ಅಲ್ಲಿ ನಿಂತಿದ್ದ ಬಸ್ಸುಗಳು ಕೊಚ್ಚಿಹೋದವು. ಬೆಟ್ಟದ ಮಣ್ಣು ಬಯಲಿಗಿಳಿದು ಹರಿದ್ವಾರದಿಂದ ಹೊರಡುವ ಮೇಲಿನ ಗಂಗಾ ಕಾಲುವೆಯಲ್ಲಿ ಹೂಳಾಗಿ ತುಂಬಿತು. ಪರಿಹಾರದ ಕೆಲಸಕ್ಕೆ ಊರೂರಿಗೆ ಹೋದವರಲ್ಲಿ ಗೋಪೇಶ್ವರದ ಚಂಡಿಪ್ರಸಾದ್ ಭಟ್ ಮತ್ತು ಅವರ ದಶೋಲಿ ಗ್ರಾಮ ಸ್ವರಾಜ್ಯ ಸಂಘದ ಯುವಕರು ಇದ್ದರು. ಎಲ್ಲಿ ಗುತ್ತಿಗೆದಾರರು ಕಾಡು ಕಡಿದಿದ್ದರೋ ಅಲ್ಲಿ ಗುಡ್ಡ ಹೆಚ್ಚು ಜರಿದಿದೆ ಎಂದು ಅವರು ಗುರುತಿಸಿದರು.

ಅದೇ ಪ್ರವಾಹದಲ್ಲಿ ಗೌನಾ ತಾಲ್ ಎಂಬ ಕೆರೆಯೂ ಕೊನೆಯಾಯಿತು. ಆ ಕೆರೆಯ ಕಥೆ ಗಮನಿಸುವಂಥದ್ದು. 1893ರಲ್ಲಿ ಬಿರಹಿ ಗಂಗಾ ಎಂಬ ಉಪನದಿಗೆ ಗುಡ್ಡ ಕುಸಿದು ಅಡ್ಡ ಬಿದ್ದು ದೊಡ್ಡ ಸರೋವರವೇ ನಿಂತಿತು. ಅದು ಒಡೆದೇ ಒಡೆಯುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕಿದರು. ಮೇಲೆ ಕಾವಲಿಗೆ ಜನ ಕೂತರು. ಕಣಿವೆಯ ಉದ್ದಕ್ಕೂ ಟೆಲಿಗ್ರಾಫ್ ತಂತಿ ಎಳೆದು ಕೆಳಗಿನ ಊರುಗಳನ್ನು ತೆರವು ಮಾಡಿಸಿದರು. 1894ರ ಆಗಸ್ಟ್ ಕೊನೆಯ ವಾರ ನೀರು ನುಗ್ಗಿ ಬಂದಾಗ ಗಢವಾಲದ ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಆದರೆ ಸತ್ತವರು ಐದೇ ಜನ, ತೆರವು ಮಾಡಿಸಿದ ಮೇಲೂ ತಮ್ಮ ಜಾಗಕ್ಕೆ ಮರಳಿದ್ದ ಒಂದೇ ಕುಟುಂಬದವರು. ನದಿಯ ಮೇಲ್ಭಾಗದಲ್ಲಿ ಗೊತ್ತಾದದ್ದು ಕೆಳಭಾಗಕ್ಕೆ ಹೊತ್ತಿಗೆ ಮುಂಚೆ ತಲುಪಿದರೆ ಏನಾಗಬಹುದು ಎಂಬುದಕ್ಕೆ ಇದು ನೂರಮೂವತ್ತು ವರ್ಷ ಹಳೆಯ ಪುರಾವೆ. ಅಂದು ಒಡೆಯದೆ ಉಳಿದ ಕೆರೆಯ ಭಾಗ 1970ರಲ್ಲಿ ಹೋಯಿತು. ಆಗ ತಂತಿಯೂ ಇರಲಿಲ್ಲ, ಕಾವಲೂ ಇರಲಿಲ್ಲ.

1973ರ ಏಪ್ರಿಲ್‌ನಲ್ಲಿ ಗೋಪೇಶ್ವರದ ಹತ್ತಿರದ ಮಂಡಲ್ ಎಂಬಲ್ಲಿ ಚಿಪ್ಕೊ ಮೊದಲಾಯಿತು. ನೇಗಿಲು, ನೊಗ ಮಾಡಿಕೊಳ್ಳಲು ಊರಿನವರಿಗೆ ಸಿಗದ ಅಂಗು ಮರ ದೂರದ ಆಟದ ಸಾಮಾನಿನ ಕಂಪನಿಗೆ ಸಿಕ್ಕಿತ್ತು. 1974ರ ಮಾರ್ಚ್ 26ರಂದು ರಿಷಿಗಂಗಾ ನದಿಯ ದಂಡೆಯ ರೈಣಿ ಗ್ರಾಮದಲ್ಲಿ ಗಂಡಸರೆಲ್ಲ ಬೇರೆ ಕೆಲಸದ ಮೇಲೆ ಹೊರಗೆ ಹೋಗಿದ್ದ ದಿನವೇ ಮರ ಕಡಿಯುವವರು ಬಂದರು. ಗೌರಾ ದೇವಿ ಎಂಬ ವಿಧವೆ ಊರಿನ ಇಪ್ಪತ್ತೇಳು ಹೆಂಗಸರು, ಹುಡುಗಿಯರನ್ನು ಕಟ್ಟಿಕೊಂಡು ಅವರನ್ನು ತಡೆದು ನಿಲ್ಲಿಸಿದಳು. ಅಸ್ಕೋಟ್‌ನ ನಡಿಗೆ ಹೊರಟಿದ್ದು ಇದಾಗಿ ಸರಿಯಾಗಿ ಎರಡು ತಿಂಗಳಿಗೆ.

ವಿದ್ಯಾರ್ಥಿಗಳ ಲೋಕದಲ್ಲೂ ಬಿಸಿ ಇತ್ತು. ಇಂದಿನ ಉತ್ತರಾಖಂಡ ಆಗ ಉತ್ತರ ಪ್ರದೇಶದ ಬೆಟ್ಟದ ಜಿಲ್ಲೆಗಳು ಮಾತ್ರ. ಉನ್ನತ ಶಿಕ್ಷಣಕ್ಕೆ ಬಯಲಿಗಿಳಿಯಬೇಕು. ಬೆಟ್ಟಕ್ಕೊಂದು ವಿಶ್ವವಿದ್ಯಾಲಯ ಬೇಕೆಂದು ಚಳವಳಿ ಎದ್ದು, 1972ರ ಡಿಸೆಂಬರ್‌ನಲ್ಲಿ ಪಿಥೌರಾಗಢದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಮರು ವರ್ಷ ಕುಮಾಂವ್ ಮತ್ತು ಗಢವಾಲ್ ವಿಶ್ವವಿದ್ಯಾಲಯಗಳು ಬಂದವು. ತಮ್ಮ ಸೀಮೆಗಾಗಿ ಘೋಷಣೆ ಕೂಗಿ ಗಂಟಲು ಒಣಗಿಸಿಕೊಂಡಿದ್ದ ಹುಡುಗರಲ್ಲಿ ಹೆಚ್ಚಿನವರು ಆ ಸೀಮೆಯನ್ನು ಪೂರ್ತಿ ನೋಡಿರಲಿಲ್ಲ. ಅಲ್ಮೋಡಾದವನಿಗೆ ಪಿಂಡರ್ ಕಣಿವೆ ಹೆಸರು ಮಾತ್ರ. ಟೆಹ್ರಿಯವನಿಗೆ ಗೋರಿ ನದಿ ಪರದೇಶವಿದ್ದ ಹಾಗೆ. ಬೇಸಿಗೆ ರಜೆಯಲ್ಲಿ ನಡೆಯಿರಿ, ಹಳ್ಳಿಗಳನ್ನು ನೋಡಿರಿ ಎಂದು ಅವರನ್ನು ಹುರಿದುಂಬಿಸಿದವರು ಸುಂದರಲಾಲ್ ಬಹುಗುಣ.

ಹೊರಡುವ ದಿನದ ಆಯ್ಕೆಗೂ ಅರ್ಥವಿತ್ತು. ಮೇ 25 ಶ್ರೀದೇವ್ ಸುಮನ್ ಹುಟ್ಟಿದ ದಿನ. ಟೆಹ್ರಿ ಸಂಸ್ಥಾನದ ಅರಸೊತ್ತಿಗೆಯ ವಿರುದ್ಧ ಹೋರಾಡಿ, ಟೆಹ್ರಿ ಜೈಲಿನಲ್ಲಿ 84 ದಿನ ಉಪವಾಸವಿದ್ದು, 1944ರ ಜುಲೈ 25ರಂದು ತೀರಿಕೊಂಡ ಯುವಕ ಅವರು. ಜೈಲಿನವರು ಅವರ ದೇಹವನ್ನು ರಾತ್ರೋರಾತ್ರಿ ಭಿಲಂಗನಾ ನದಿಗೆ ಹಾಕಿದರೆಂದು ಟೆಹ್ರಿಯ ಜನ ಇಂದಿಗೂ ಹೇಳುತ್ತಾರೆ. ಬಹುಗುಣ ಹದಿಹರೆಯದಲ್ಲಿ ಸಾರ್ವಜನಿಕ ಬದುಕಿಗೆ ಬಂದದ್ದು ಸುಮನ್ ಅವರ ಪ್ರಭಾವದಿಂದ.

*

ಉತ್ತರಾಖಂಡದ ನಕ್ಷೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಂಡರೆ ಈ ದಾರಿಯ ವಿಶೇಷ ತಿಳಿಯುತ್ತದೆ. ಹೊಳೆಗಳು ಉತ್ತರದ ಹಿಮದಿಂದ ದಕ್ಷಿಣದ ಬಯಲಿಗೆ ಇಳಿಯುತ್ತವೆ. ರಸ್ತೆಗಳು ಹೊಳೆಯ ಪಕ್ಕದಲ್ಲೇ ಮೇಲೇರುತ್ತವೆ. ಬದರಿ, ಕೇದಾರ, ಗಂಗೋತ್ರಿ, ಯಮುನೋತ್ರಿಯ ಯಾತ್ರಿಕರು, ಮರದ ಲಾರಿಗಳು, ಜಿಲ್ಲಾಧಿಕಾರಿಯ ಜೀಪು, ಅಣೆಕಟ್ಟಿನ ಸರ್ವೆಯವರು ಎಲ್ಲರೂ ಹೋಗುವುದು ಹೀಗೆ ಒಂದೊಂದು ಹೊಳೆಯ ಗುಂಟ. ಅವರಿಗೆ ಕಾಣುವುದು ಆ ಒಂದು ಕಣಿವೆ.

ಅಸ್ಕೋಟ್‌ನಿಂದ ಆರಾಕೋಟ್‌ಗೆ ಹೋಗುವವರು ಹೊಳೆಗಳನ್ನು ಅಡ್ಡ ದಾಟಬೇಕು. ಒಂದು ಕಣಿವೆಗಿಳಿದು, ಹೊಳೆ ದಾಟಿ, ಎದುರಿನ ಬೆಟ್ಟ ಹತ್ತಿ, ಕಣಿವೆಯ ಆಚೆ ಬದಿಗೆ ಇಳಿದರೆ ಇನ್ನೊಂದು ಹೊಳೆ. ಕಾಳಿ, ಗೋರಿ, ಪೂರ್ವ ರಾಮಗಂಗಾ, ಸರಯೂ, ಪಿಂಡರ್, ನಂದಾಕಿನಿ, ಅಲಕನಂದಾ, ಮಂದಾಕಿನಿ, ಭಿಲಂಗನಾ, ಭಾಗೀರಥಿ, ಯಮುನಾ, ಕೊನೆಗೆ ಟೋನ್ಸ್. ನಂತರದ ಯಾತ್ರೆಗಳು ಇನ್ನೂ ಪೂರ್ವದ ಪಾಂಗು ಎಂಬ ಊರಿನಿಂದ ಹೊರಟವು. ಆ ದಾರಿಯ ಲೆಕ್ಕ ಹೀಗಿದೆ: ಸುಮಾರು 1,150 ಕಿಲೋಮೀಟರ್, 45 ದಿನ, 350ರಷ್ಟು ಹಳ್ಳಿಗಳು, 35 ನದಿಗಳು.

ಹೀಗೆ ದಾಟುವವರಿಗೆ ಹೋಲಿಸಿ ನೋಡುವ ಅವಕಾಶ ತಾನಾಗಿ ಸಿಗುತ್ತದೆ. ನಿನ್ನೆಯ ಕಣಿವೆಯಲ್ಲಿ ಬಾಂಜ್ ಕಾಡು ಉಳಿದಿತ್ತು, ಇವತ್ತಿನದರಲ್ಲಿ ಬರೀ ಚೀಡ್ ಪೈನ್. ಬಾಂಜ್ ಅಲ್ಲಿನ ಓಕ್ ಮರ. ಅದರ ಸೊಪ್ಪು ದನಕ್ಕೆ ಮೇವು, ಅದರ ಬುಡದಲ್ಲಿ ನೀರು ನಿಲ್ಲುತ್ತದೆಂಬುದು ಬೆಟ್ಟದ ಹೆಂಗಸರ ಅನುಭವ. ಚೀಡ್‌ನಿಂದ ಸಿಗುವುದು ರಾಳ, ಮೋಪು. ಅದರ ಲಾಭ ಊರಿನ ಹೊರಗಿನವರಿಗೆ. ಒಂದು ಕಣಿವೆಯನ್ನು ಮಾತ್ರ ನೋಡಿದವರು ಇದನ್ನು ಆ ಊರಿನ ದುರದೃಷ್ಟ ಎಂದುಕೊಂಡಾರು. ಹತ್ತು ಕಣಿವೆ ದಾಟಿದವರಿಗೆ ಅದರ ಹಿಂದಿರುವ ಅರಣ್ಯ ನೀತಿ ಕಾಣತೊಡಗುತ್ತದೆ.

ಭಾಷೆಯೂ ಅಷ್ಟೆ. ಅಸ್ಕೋಟ್ ಸುತ್ತಲಿನ ಕಾಡುಗಳಲ್ಲಿ ಟಿಬೆಟೊ-ಬರ್ಮನ್ ಕುಟುಂಬದ ಭಾಷೆಯಾಡುವ ರಾಜಿ ಜನರಿದ್ದಾರೆ. ಅಲ್ಲಿಂದ ಕುಮಾಂವನಿ, ಮುಂದೆ ಗಢವಾಲಿ, ಆರಾಕೋಟ್ ತಲುಪುವ ಹೊತ್ತಿಗೆ ಬಂಗಾಣಿ. ಕಣಿವೆಗೊಂದರಂತೆ ನುಡಿ ಬದಲಾದರೂ ನೀರಿನ ಮಾತು ಮಾತ್ರ ಬಿಡದೆ ಬರುತ್ತದೆ. ಹಿಮದಿಂದ ಬರುವ ದೊಡ್ಡ ನದಿಗೆ ಹೆಚ್ಚಾಗಿ ‘ಗಂಗಾ’ ಎಂದೇ ಹೆಸರು. ಕಾಡಿನಿಂದ ಬರುವ ಹೊಳೆ ‘ಗಾಡ್’. ಅದಕ್ಕಿಂತ ಸಣ್ಣದು ‘ಗಧೇರಾ’. ಕಲ್ಲು ಕಟ್ಟಿ, ಮೇಲೆ ಮಾಡು ಮಾಡಿ, ಗುಡಿಯಂತೆ ಕಾಪಾಡಿಕೊಂಡ ಒರತೆ ‘ನೌಲಾ’. ಬಂಡೆಯ ಸಂದಿನಿಂದ ಬಾಯಿಗೆ ಹಿಡಿಯುವಂತೆ ಬೀಳುವ ನೀರು ‘ಧಾರಾ’. ನಮ್ಮ ಮಲೆನಾಡಿನವರು ಅಬ್ಬಿ ನೀರು ಎನ್ನುವುದಕ್ಕೆ ಹತ್ತಿರದ್ದು. ಹೊಳೆಯ ನೀರಿನಿಂದ ತಿರುಗುವ ಬೀಸುವ ಕಲ್ಲು ‘ಘರಾಟ್’. ನಕ್ಷೆಯಲ್ಲಿ ಇರುವುದು ಮೊದಲನೆಯದು, ಹೆಚ್ಚೆಂದರೆ ಎರಡನೆಯದು. ಊರು ಬದುಕುವುದು ಉಳಿದವುಗಳ ಮೇಲೆ. ಬೆಟ್ಟದ ಹಳ್ಳಿ ಇರುವುದು ದೊಡ್ಡ ನದಿಗಿಂತ ನೂರಾರು ಮೀಟರ್ ಎತ್ತರದಲ್ಲಿ. ಕೆಳಗೆ ಗಂಗೆ ಭೋರ್ಗರೆದರೂ ಮೇಲೆ ನೌಲಾ ಬತ್ತಿದರೆ ಕುಡಿಯಲು ನೀರಿಲ್ಲ.

*

ಈ ಬೆಟ್ಟಗಳಲ್ಲಿ ನಡೆದು ವಿಷಯ ತಿಳಿದವರಲ್ಲಿ ಈ ಹುಡುಗರೇ ಮೊದಲಿಗರಲ್ಲ. ಗೋರಿ ನದಿಯ ಮೇಲ್ಕಣಿವೆಯ ನೈನ್ ಸಿಂಗ್ ರಾವತ್ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಸರ್ವೆ ಇಲಾಖೆಗಾಗಿ ಟಿಬೆಟ್ಟಿಗೆ ಗುಟ್ಟಾಗಿ ನಡೆದುಹೋಗಿ ಲ್ಹಾಸಾ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬಂದವರು. ಅವರ ಕೈಯಲ್ಲಿದ್ದ ಜಪಮಾಲೆಯಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ ಜಾರಿಸಿ ದೂರ ಲೆಕ್ಕ ಹಾಕುತ್ತಿದ್ದರು. ಆ ಅಳತೆಯೆಲ್ಲ ಹೋಗಿ ಸೇರಿದ್ದು ಸರ್ಕಾರದ ಕಡತಕ್ಕೆ.

ಹಳ್ಳಿಗೆ ಬರುವ ಓದಿದವನೆಂದರೆ ಜನರಿಗೆ ಹೆಚ್ಚಾಗಿ ಸರ್ಕಾರದವನೇ. ಅವನ ಸಾಮಾನು ಹೊರಬೇಕು, ಅವನಿಗೆ ದವಸ ಹಾಲು ಒದಗಿಸಬೇಕು. ಅದಕ್ಕೆ ಅಲ್ಲಿ ಕುಲಿ ಬೇಗಾರ್ ಎಂದು ಹೆಸರು. ಕನ್ನಡದ ಬಿಟ್ಟಿ ಚಾಕರಿಯಂಥದ್ದೇ. ಯಾವ ಮನೆಯಿಂದ ಯಾರು ಎಷ್ಟು ದಿನ ಹೊರಬೇಕು ಎಂಬುದಕ್ಕೆ ಊರ ಮುಖಂಡನ ಬಳಿ ಒಂದು ರಿಜಿಸ್ಟರು. 1921ರ ಜನವರಿಯಲ್ಲಿ ಬಾಗೇಶ್ವರದ ಉತ್ತರಾಯಣಿ ಜಾತ್ರೆಯಲ್ಲಿ ಸೇರಿದ ಸಾವಿರಾರು ಜನ ಆ ರಿಜಿಸ್ಟರುಗಳನ್ನು ತಂದು ಸರಯೂ ನದಿಗೆ ಎಸೆದರು. ಬಿಟ್ಟಿ ಚಾಕರಿ ಅಲ್ಲಿಗೆ ನಿಂತಿತು. ಮುಂದೆ ಇತಿಹಾಸದ ಪ್ರಾಧ್ಯಾಪಕರಾದ ಶೇಖರ್ ಪಾಠಕ್ ಸಂಶೋಧನೆ ಮಾಡಿ ಪುಸ್ತಕ ಬರೆದದ್ದು ಇದೇ ವಿಷಯದ ಮೇಲೆ.

ಇಂಥ ಸೀಮೆಯಲ್ಲಿ ಓದಿದ ಹುಡುಗರು ತಮ್ಮ ಚೀಲ ತಾವೇ ಹೊತ್ತು, ಕೈಯಲ್ಲಿ ಆದೇಶವಿಲ್ಲದೆ, ಜೇಬಿನಲ್ಲಿ ದುಡ್ಡಿಲ್ಲದೆ, ಒಂದು ರೊಟ್ಟಿಗಾಗಿ ಬಾಗಿಲಲ್ಲಿ ನಿಂತರು. ಊರಿನವರಿಗೆ ಇದು ಹೊಸದು.

ನಡಿಗೆಯಿಂದ ನಾಲ್ವರ ಬದುಕೂ ತಿರುಗಿತು. ಶಂಶೇರ್ ಬಿಷ್ಟ್ ಸಂಘಟನೆಗೆ ಹೋದರು. ಕುಮಾಂವ್‌ನಲ್ಲಿ ಕಾಡು ಹರಾಜಿನ ವಿರುದ್ಧ, ಆಮೇಲೆ 1984ರ ಸಾರಾಯಿ ವಿರೋಧಿ ಚಳವಳಿಯಲ್ಲಿ ಮುಂದಿದ್ದ ಉತ್ತರಾಖಂಡ ಸಂಘರ್ಷ ವಾಹಿನಿಯ ನಾಯಕರಾದರು. ಪ್ರಸೂನ್ ಮತ್ತು ಪ್ರತಾಪ್ ಶಿಖರ್ ಹೇಂವಲ್ ಕಣಿವೆಯ ಚಿಪ್ಕೊದಲ್ಲಿ, ಮುಂದೆ ದೇಸಿ ಬಿತ್ತನೆ ಬೀಜ ಉಳಿಸುವ ಕೆಲಸದಲ್ಲಿ ತೊಡಗಿದರು. ಪಾಠಕ್ ಗೆಳೆಯರೊಡನೆ 1983ರಲ್ಲಿ ‘ಪಹಾಡ್’ ಎಂಬ ಸಂಸ್ಥೆ ಕಟ್ಟಿ, ಅದೇ ಹೆಸರಿನ ಹಿಂದಿ ಸಂಪುಟಗಳನ್ನು ತರತೊಡಗಿದರು. ಚಿಪ್ಕೊ ಕುರಿತ ಅವರ ದೊಡ್ಡ ಹಿಂದಿ ಗ್ರಂಥ ‘ಹರೀ ಭರೀ ಉಮ್ಮೀದ್’ ಬಂದದ್ದು 2019ರಲ್ಲಿ, ಮೊದಲ ನಡಿಗೆಯಾಗಿ ನಲವತ್ತೈದು ವರ್ಷಕ್ಕೆ.

ಚಿಪ್ಕೊದ ಗಾಳಿ ಕನ್ನಡದ ನೆಲಕ್ಕೂ ಬೀಸಿತು. ಬಹುಗುಣ ಉತ್ತರ ಕನ್ನಡಕ್ಕೆ ಬಂದು ಹೋದರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೊ ಚಳವಳಿಯ ಪಾಂಡುರಂಗ ಹೆಗಡೆ ದೆಹಲಿಯಲ್ಲಿ ಓದುತ್ತಿದ್ದಾಗ ಗಢವಾಲಕ್ಕೆ ಹೋಗಿ ಚಿಪ್ಕೊ ಹಳ್ಳಿಗಳಲ್ಲಿದ್ದು ಬಂದವರು. ಊರು ಬಿಟ್ಟು ಓದಲು ಹೋದ ವಿದ್ಯಾರ್ಥಿ ಪರರ ಬೆಟ್ಟ ನೋಡಿ ತನ್ನ ಘಟ್ಟವನ್ನು ಕಂಡುಕೊಂಡ ಉದಾಹರಣೆ ಅದು.

*

ಹತ್ತು ವರ್ಷಕ್ಕೊಮ್ಮೆ ಅದೇ ದಾರಿಯಲ್ಲಿ ಹೋಗುವುದರಿಂದ ಸಿಗುವುದೇನು? ಹೊಳೆಯ ಅಳತೆಗೆ ಮಾಪಕಗಳಿವೆ, ಈಗ ಉಪಗ್ರಹಗಳೂ ಇವೆ. ಆದರೆ ಮಾಪಕ ಕೂತಿರುವುದು ದೊಡ್ಡ ನದಿಯಲ್ಲಿ, ಸೇತುವೆಯ ಪಕ್ಕ. ಯಾವ ಊರಿನ ನೌಲಾ ಯಾವ ವರ್ಷದಿಂದ ಬೇಸಿಗೆಯಲ್ಲಿ ಬತ್ತತೊಡಗಿತು, ಯಾವ ಘರಾಟ್ ನಿಂತಿತು, ಯಾವ ರಸ್ತೆಯ ಮಣ್ಣು ಯಾವ ಗಧೇರಾಕ್ಕೆ ಬಿತ್ತು ಎಂಬುದು ಅಲ್ಲೇ ನೀರು ಹೊತ್ತವರಿಗೆ ಗೊತ್ತು. ಅವರ ನೆನಪಿಗೆ ತಾರೀಖು ಹಚ್ಚಿ ಬರೆದಿಡಲು ಒಬ್ಬರು ಮತ್ತೆ ಮತ್ತೆ ಬರಬೇಕು.

ಭೂವಿಜ್ಞಾನಿ ಖಡಗ್ ಸಿಂಗ್ ವಾಲ್ದಿಯಾ ಅವರ ಹೆಸರನ್ನು ಇಲ್ಲಿ ಹೇಳಬೇಕು. ಪಿಥೌರಾಗಢದಲ್ಲಿ ಬೆಳೆದ, ಕುಮಾಂವ್ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಅವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಧ್ಯಾಪಕರಾಗಿದ್ದರು. 2020ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. 1980ರ ದಶಕದಲ್ಲಿ ಗೌಲಾ ನದಿಯ ಜಲಾನಯನದ ಒರತೆಗಳನ್ನು ಅಧ್ಯಯನ ಮಾಡಿ, ಅವುಗಳ ನೀರು ಇಳಿಯುತ್ತಿದೆ, ಕೆಲವು ಬತ್ತಿಯೇ ಹೋಗಿವೆ ಎಂದು ಅವರೂ ಸಹೋದ್ಯೋಗಿಯೂ ತೋರಿಸಿದರು. 2018ರಲ್ಲಿ ನೀತಿ ಆಯೋಗದ ವರದಿ ಇಡೀ ಭಾರತದ ಹಿಮಾಲಯದ ಒರತೆಗಳಲ್ಲಿ ಸುಮಾರು ಅರ್ಧದಷ್ಟು ಬತ್ತುತ್ತಿವೆ ಎಂದಿತು. ನೀರಿಗಾಗಿ ದೂರ ನಡೆಯುತ್ತಿದ್ದ ಹೆಂಗಸರಿಗೆ ಅದು ಸುದ್ದಿಯೇ ಆಗಿರಲಿಲ್ಲ.

ಹಾಗೆಂದು ಊರಿನವರ ಮತ್ತು ಕಾರ್ಯಕರ್ತರ ಮಾತೆಲ್ಲ ಕೊನೆಯ ಮಾತಲ್ಲ. ಕಾಡು ಕಡಿದದ್ದೇ ಪ್ರವಾಹಕ್ಕೆ ಕಾರಣ ಎಂಬ 1970ರ ದಶಕದ ನಂಬಿಕೆಯನ್ನು ಜ್ಯಾಕ್ ಐವ್ಸ್ ಮತ್ತು ಬ್ರೂನೋ ಮೆಸ್ಸರ್ಲಿ ಎಂಬ ಭೂಗೋಳಶಾಸ್ತ್ರಜ್ಞರು 1989ರ ತಮ್ಮ ಪುಸ್ತಕದಲ್ಲಿ ಪ್ರಶ್ನಿಸಿದರು. ಹಿಮಾಲಯ ಎಳೆಯ ಬೆಟ್ಟ, ಇನ್ನೂ ಏಳುತ್ತಿರುವ ಬೆಟ್ಟ. ಕಾಡಿದ್ದರೂ ಜರಿಯುತ್ತದೆ, ಮೋಡ ಒಡೆದು ಸುರಿದರೆ ಮರಗಳೂ ತಡೆಯಲಾರವು ಎಂಬುದು ಅವರ ವಾದದ ತಿರುಳು. ಗೌನಾ ತಾಲ್ ನಿಂತದ್ದು 1893ರಲ್ಲಿ, ಲಾರಿ ರಸ್ತೆಗಳು ಬರುವ ಎಷ್ಟೋ ಮುಂಚೆ ಎಂಬುದನ್ನು ನೆನೆದರೆ ಆ ವಾದಕ್ಕೆ ಬಲವಿದೆ. ಆದರೆ ಅದರಿಂದ ಹೊರಡುವ ಪಾಠ ಇನ್ನಷ್ಟು ಎಚ್ಚರದ್ದು. ತಾನಾಗಿ ಜರಿಯುವ ಬೆಟ್ಟದಲ್ಲಿ ಸಿಡಿಮದ್ದು ಇಟ್ಟು ರಸ್ತೆ ಕೊರೆಯುವಾಗ, ಆ ಕಲ್ಲು ಮಣ್ಣನ್ನು ಹೊಳೆಗೆ ನೂಕುವಾಗ, ಹೊಳೆಯ ಪಾತ್ರದಲ್ಲೇ ಹೋಟೆಲು ಕಟ್ಟುವಾಗ ಹತ್ತು ಸಲ ಯೋಚಿಸಬೇಕು. ನದಿ ಹರಡಿಕೊಳ್ಳುವ ಜಾಗದಲ್ಲಿ ಕಟ್ಟಬೇಡಿ ಎಂದು ವಾಲ್ದಿಯಾ ಹೇಳುತ್ತಲೇ ಬಂದಿದ್ದರು. 2013ರ ಜೂನ್‌ನಲ್ಲಿ ಕೇದಾರನಾಥದಲ್ಲೂ ಅದರ ಕೆಳಗಿನ ಮಂದಾಕಿನಿ ಕಣಿವೆಯಲ್ಲೂ ನೀರು ತನ್ನ ಜಾಗವನ್ನು ವಾಪಸು ಪಡೆಯಿತು.

ಆ ದುರಂತದ ನಂತರ ಸುಪ್ರೀಂ ಕೋರ್ಟಿನ ಸೂಚನೆಯಂತೆ ಡೆಹ್ರಾಡೂನಿನ ರವಿ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ಕೂತಿತು. ತನ್ನ ಮುಂದಿದ್ದ 24 ಜಲವಿದ್ಯುತ್ ಯೋಜನೆಗಳಲ್ಲಿ 23 ಬೇಡವೆಂದು 2014ರಲ್ಲಿ ಹೇಳಿತು. ಅದಕ್ಕೂ ಹಿಂದೆ, 1976ರಲ್ಲಿ, ಗಢವಾಲದ ಕಮಿಷನರ್ ಎಂ.ಸಿ. ಮಿಶ್ರಾ ಅವರ ಸಮಿತಿ ಜೋಶಿಮಠ ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಹಳೆಯ ಭೂಕುಸಿತದ ರಾಶಿಯ ಮೇಲೆ. ಅಲ್ಲಿ ಬಂಡೆ ಕೀಳಬೇಡಿ, ಭಾರಿ ಕಟ್ಟಡ ಕಟ್ಟಬೇಡಿ ಎಂದು ಬರೆದಿತ್ತು. 2023ರ ಜನವರಿಯಲ್ಲಿ ಜೋಶಿಮಠದ ನೂರಾರು ಮನೆಗಳು ಬಿರುಕು ಬಿಟ್ಟಾಗ ಆ ಹಳೆಯ ವರದಿಯನ್ನು ಎಲ್ಲರೂ ಹುಡುಕಿ ಓದಿದರು.

ಇವೆಲ್ಲಕ್ಕಿಂತ ಕಠಿಣವಾದದ್ದು ರೈಣಿಯ ಕಥೆ. ಗೌರಾ ದೇವಿಯ ಊರು. ಚಿಪ್ಕೊದ ಫಲವಾಗಿ ಅಲ್ಲಿನ ಕಾಡಿಗೆ ಕೊಡಲಿ ಬೀಳುವುದು ನಿಂತಿತು. 1981ರ ಹೊತ್ತಿಗೆ ಆ ಬೆಟ್ಟಗಳಲ್ಲಿ 1,000 ಮೀಟರಿಗಿಂತ ಎತ್ತರದಲ್ಲಿ ವ್ಯಾಪಾರಕ್ಕಾಗಿ ಹಸಿ ಮರ ಕಡಿಯುವುದಕ್ಕೇ ತಡೆ ಬಂತು. ಮರಕ್ಕೆ ಸಿಕ್ಕ ರಕ್ಷಣೆ ಹೊಳೆಗೆ ಸಿಗಲಿಲ್ಲ. ಅದೇ ರಿಷಿಗಂಗಾಕ್ಕೆ ಸಣ್ಣ ಜಲವಿದ್ಯುತ್ ಯೋಜನೆ ಬಂತು. ಸಿಡಿಮದ್ದಿನಿಂದ ಊರಿಗೆ ಅಪಾಯವಿದೆ ಎಂದು ರೈಣಿಯ ನಿವಾಸಿಯೊಬ್ಬರು 2019ರಲ್ಲಿ ನೈನಿತಾಲಿನ ಹೈಕೋರ್ಟಿಗೆ ಹೋದರು. 2021ರ ಫೆಬ್ರುವರಿ 7ರ ಬೆಳಿಗ್ಗೆ ಮೇಲಿನ ರೋಂಟಿ ಶಿಖರದ ಬಂಡೆ ಮತ್ತು ಹಿಮ ಒಟ್ಟಿಗೆ ಕಳಚಿ ಕಣಿವೆಗೆ ಬಿತ್ತು. ನೀರು, ಕೆಸರು, ಬಂಡೆಗಳ ಪ್ರವಾಹ ಆ ಯೋಜನೆಯನ್ನು ಅಳಿಸಿಹಾಕಿ, ಕೆಳಗಿನ ತಪೋವನದ ದೊಡ್ಡ ಯೋಜನೆಯ ಸುರಂಗಕ್ಕೆ ನುಗ್ಗಿತು. ಸತ್ತವರು, ಕಾಣೆಯಾದವರು 200ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಕೆಲಸಕ್ಕೆ ಬಂದಿದ್ದ ಕೂಲಿಗಳು.

ಶಿಖರದ ಬಂಡೆ ಕಳಚಿದ್ದಕ್ಕೆ ಯೋಜನೆ ಕಾರಣವಲ್ಲ. ಆದರೆ ಅಷ್ಟು ಜನ ಆ ಕಣಿವೆಯ ತಳದಲ್ಲಿ, ಮುನ್ಸೂಚನೆ ಕೊಡುವ ಒಂದು ಗಂಟೆಯೂ ಇಲ್ಲದೆ ಇದ್ದದ್ದಕ್ಕೆ ಕಾರಣ ಯೋಜನೆಯೇ. 1894ರಲ್ಲಿ ಅದೇ ಅಲಕನಂದಾ ಸೀಮೆಯಲ್ಲಿ ಒಂದು ತಂತಿ ಇಡೀ ಪಟ್ಟಣದ ಜನರನ್ನು ಉಳಿಸಿತ್ತು.

*

ಐವತ್ತು ವರ್ಷ ನಡೆದು ಬರೆದದ್ದರಿಂದ ಹೊಳೆಗಳಿಗೇನು ಲಾಭವಾಯಿತು ಎಂದು ಯಾರಾದರೂ ಕೇಳಿದರೆ ಸುಲಭದ ಉತ್ತರವಿಲ್ಲ. ಟೆಹ್ರಿಯ ಅಣೆಕಟ್ಟಿಗೆ 1972ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಬಹುಗುಣ ಅದರ ವಿರುದ್ಧ 1995ರಲ್ಲಿ 45 ದಿನ, 1996ರಲ್ಲಿ 74 ದಿನ ಉಪವಾಸ ಕೂತರು. 2005ರ ಅಕ್ಟೋಬರ್‌ನಲ್ಲಿ ಕೊನೆಯ ಸುರಂಗದ ಬಾಗಿಲು ಮುಚ್ಚಿತು. ಭಾಗೀರಥಿ ಮತ್ತು ಭಿಲಂಗನಾ ಕೂಡುವ ಹಳೆಯ ಟೆಹ್ರಿ ಪಟ್ಟಣ, ಸುಮನ್ ಉಪವಾಸ ಮಾಡಿದ ಊರು, 260 ಮೀಟರ್ ಎತ್ತರದ ಕಟ್ಟೆಯ ಹಿಂದೆ ಮುಳುಗಿತು. ಅಲ್ಲಿಂದ ಬಿಟ್ಟ ನೀರು ಗಂಗಾ ಕಾಲುವೆಯಲ್ಲಿ ಮುರಾದ್‌ನಗರಕ್ಕೆ ಬಂದು, ಕೊಳವೆಗಳ ಮೂಲಕ ದೆಹಲಿಯ ಸೋನಿಯಾ ವಿಹಾರ್ ಶುದ್ಧೀಕರಣ ಘಟಕ ಸೇರುತ್ತದೆ. ಪೂರ್ವ ಮತ್ತು ದಕ್ಷಿಣ ದೆಹಲಿಯ ಎಷ್ಟೋ ಮನೆಗಳ ನಲ್ಲಿಗಳಲ್ಲಿ, ಅಲ್ಲಿ ನೆಲೆಸಿದ ಕನ್ನಡದವರ ಮನೆಗಳಲ್ಲೂ, ಬೆಳಿಗ್ಗೆ ಬರುವುದು ಆ ನೀರೇ.

2024ರ ಆರನೆಯ ನಡಿಗೆಯ ವಿಷಯ ‘ಸ್ರೋತ್ ಸೇ ಸಂಗಮ್’, ಸೆಲೆಯಿಂದ ಸಂಗಮದವರೆಗೆ. ಐವತ್ತು ವರ್ಷ ಹೊಳೆಗಳನ್ನು ಅಡ್ಡ ದಾಟಿದವರು ಈ ಸಲ ಹೊಳೆಯನ್ನೇ ಕೇಂದ್ರಕ್ಕೆ ತಂದುಕೊಂಡರು. ಹೊಸ ತಲೆಮಾರಿನ ವಿದ್ಯಾರ್ಥಿಗಳು, ಸಂಶೋಧಕರು, ಬೇರೆ ರಾಜ್ಯದವರು ಜೊತೆಗಿದ್ದರು. 1974ರ ನಾಲ್ವರಲ್ಲಿ ಪ್ರಸೂನ್ ಇಲ್ಲ. ಬಿಷ್ಟ್ 2018ರಲ್ಲಿ ತೀರಿಕೊಂಡರು. ಬಹುಗುಣ ಹೋದದ್ದು 2021ರ ಮೇ ತಿಂಗಳಲ್ಲಿ, ರೈಣಿಯ ದುರಂತವಾಗಿ ಮೂರೇ ತಿಂಗಳಿಗೆ.

ಮತ್ತೆ ಆ ಮೊದಲ ನಿಯಮಕ್ಕೆ ಬರಬೇಕು. ಜೇಬಿನಲ್ಲಿ ದುಡ್ಡಿಲ್ಲದೆ ನಡೆಯಲು ಒಂದು ಅನುಕೂಲ ಬೇಕೇ ಬೇಕು: ಸಂಜೆಗೆ ಮುಟ್ಟುವ ಊರಿನಲ್ಲಿ ಒಲೆ ಹೊತ್ತಿರಬೇಕು, ಬಾಗಿಲು ತೆಗೆಯಲು ಯಾರಾದರೂ ಇರಬೇಕು. ಉತ್ತರಾಖಂಡದ ವಲಸೆ ಆಯೋಗ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2011ರ ನಂತರದ ವರ್ಷಗಳಲ್ಲೇ 734 ಹಳ್ಳಿಗಳು ಪೂರ್ತಿ ಖಾಲಿಯಾಗಿವೆ. ಹೋದವರು ಡೆಹ್ರಾಡೂನ್, ದೆಹಲಿ, ಮುಂಬೈಗಳಲ್ಲಿದ್ದಾರೆ. ಊರು ಬಿಟ್ಟು ಬಂದು ಬೇರೆ ನಗರದಲ್ಲಿ ಮನೆ ಮಾಡಿದವರಿಗೆ ಅದನ್ನು ತಪ್ಪೆನ್ನುವ ಧೈರ್ಯ ಬರುವುದಿಲ್ಲ. ಶಾಲೆ, ಆಸ್ಪತ್ರೆ, ಕೆಲಸ ಯಾವುದೂ ಇಲ್ಲದಲ್ಲಿ ಯಾರು ನಿಲ್ಲುತ್ತಾರೆ? ಆದರೆ ಊರು ಖಾಲಿಯಾದಾಗ ನೌಲಾದ ಹೂಳೆತ್ತುವವರಷ್ಟೇ ಇಲ್ಲವಾಗುವುದಿಲ್ಲ. ಅದು ಯಾವ ವರ್ಷ ತುಂಬಿತ್ತು, ಯಾವ ವರ್ಷ ಬತ್ತಿತು ಎಂದು ಹೇಳುವವರೂ ಇಲ್ಲವಾಗುತ್ತಾರೆ. ಹೊಳೆಗೆ ಸಾಕ್ಷಿ ಹೇಳುವವರೇ ಇಲ್ಲದ ಮೇಲೆ ಅದರ ಬಗ್ಗೆ ಯಾರು ಏನನ್ನಾದರೂ ಬರೆಯಬಹುದು, ಏನನ್ನಾದರೂ ಕಟ್ಟಬಹುದು.

ಮುಂದಿನ ನಡಿಗೆಯ ಸರದಿ 2034ರ ಮೇ 25. ಕಾಳಿ ನದಿಯ ಕಡೆಯಿಂದ ಯಾರೋ ಕೆಲವು ಹುಡುಗ ಹುಡುಗಿಯರು ಚೀಲ ಹೊತ್ತು, ಖಾಲಿ ಜೇಬಿನಲ್ಲಿ ಹೊರಡುತ್ತಾರೆ. ಅವರ ಮೊದಲ ಪ್ರಶ್ನೆ ನೀರಿನ ಬಗ್ಗೆಯೇ ಇರಬಹುದು. ಅದಕ್ಕೂ ಮುಂಚೆ ಅವರು ಬಾಗಿಲು ತಟ್ಟಬೇಕು.